ನಾಲ್ಕಕ್ಷರದ ಹಟ

ಟ್ರಂಕಿನ ತಳಕ್ಕೆ ಕೈಹಾಕಿ ತೀರ್ಥಮ್ಮ ಕಾಗದದ ಸುರುಳಿ ಎಳೆದುಕೊಂಡು ಸೆರಗಿನೊಳಗೆ ಮುಚ್ಚಿದಳು. ಅಂಗಳದಲ್ಲಿ ಗಂಡ ಬೆನಕಪ್ಪನ ಹೆಣಕ್ಕೆ ವಿಭೂತಿ ಬಳಿದು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಿರೇನಲ್ಲೂರಿನ ಅರ್ಧ ಊರೇ ಬಂದಿತ್ತು. ಶಾಸನದ ಕಲ್ಲು ತೊಳೆದು, ಕಾಗದದ ಮೇಲೆ ಅದರ ಅಚ್ಚು ತೆಗೆಯುತ್ತಿದ್ದ ಪುರಾತತ್ವ ಇಲಾಖೆಯ ದಿನಗೂಲಿಯವನಿಗೆ ಇಷ್ಟು ಜನವೇ ಎಂದು ಮೈದುನ ರುದ್ರಮೂರ್ತಿಗೇ ಆಶ್ಚರ್ಯ. ಕಡೂರು, ಅಜ್ಜಂಪುರದ ಕಡೆ ಬೆನಕಪ್ಪನ ಕೈಯಿಂದ ಎಷ್ಟು ಕಲ್ಲು ಉಳಿದವು ಎಂದು ಜಗಲಿಯಲ್ಲಿ ಹೊಗಳಿದ್ದೇ ಹೊಗಳಿದ್ದು.

ಕರಿಯಮ್ಮ ಮಾತ್ರ ಬೇಲಿಯಾಚೆ ನಿಂತಿದ್ದಳು. ಕೆರೆ ಏರಿಯ ವೀರಗಲ್ಲು ಅವಳ ಮನೆತನದ್ದು. ಅವಳು ಹಚ್ಚಿದ ಎಣ್ಣೆಯೇ ಅದರ ಅಕ್ಷರ ತಿಂದಿತೆಂದು, ಕಲ್ಲು ಮುಟ್ಟಕೂಡದೆಂದು ಊರು ಕಟ್ಟು ಮಾಡಿ ಮೂವತ್ತು ವರ್ಷವಾಗಿತ್ತು.

*

ಎಣ್ಣೆ ಏನೂ ತಿಂದಿರಲಿಲ್ಲ. ಅಂದು ಬೆನಕಪ್ಪ ಸೋಪಿನ ನೀರಲ್ಲಿ ಜಿಡ್ಡು ಬಿಡಿಸಿ, ಒದ್ದೆ ಕಾಗದ ಹೊದಿಸಿ ತಟ್ಟಿ, ಮಸಿ ಒತ್ತಿದ್ದ. ಹನ್ನೊಂದು ಸಾಲು ಚೆಂದವಾಗಿ ಮೂಡಿದವು. ಕೊನೆಯ ನಾಲ್ಕಕ್ಷರ ಮೂಡಲಿಲ್ಲ. ಆ ನಾಲ್ಕಕ್ಕೆ ಹಟ ಹಿಡಿದು, ಬಚ್ಚಲು ತೊಳೆಯುವ ಆಸಿಡ್ ಕಲ್ಲಿಗೆಲ್ಲ ಸುರಿದು ತಂತಿ ಬ್ರಷ್ಷಿನಲ್ಲಿ ಉಜ್ಜಿದ. ಮೊದಲೇ ಮೆತ್ತನೆ ಬಳಪದ ಕಲ್ಲು. ನೀರು ಹುಯ್ದು ನೋಡಿದರೆ ಒಂದಕ್ಷರವೂ ಇರಲಿಲ್ಲ.

ಎಣ್ಣೆಯಿಂದ ಹಾಳಾಗಿದೆ ಎಂದು ಆಫೀಸಿನವರು ಬರೆದುಕೊಂಡರು. ಬೆನಕಪ್ಪ ಸುಮ್ಮನಿದ್ದ. ಎಣ್ಣೆ ಬಿಡಿಸಿದಾಗ ಅಕ್ಷರಗಳಿದ್ದವೆಂದು ಹೇಳುವ ಅಚ್ಚಿನ ಕಾಗದ ಟ್ರಂಕು ಸೇರಿತು.

ಹೋದ ವಾರ ಉಸಿರು ಸಿಗದೆ ಒದ್ದಾಡುತ್ತ ಹೆಂಡತಿಯ ಕೈ ಹಿಡಿದು ಎಲ್ಲ ಹೇಳಿಕೊಂಡಿದ್ದ. "ಅದನ್ನ ನನ್ ಜೊತೆಗೇ ಹಾಕ್ಬಿಡು ಕಣೇ. ಯಾರೂ ನೋಡೋದು ಬ್ಯಾಡ."

*

ಹೊಲದ ಬದಿಯ ಗುಂಡಿಯಲ್ಲಿ ಅವನನ್ನು ಕೂರಿಸಿ ಎಡಗೈಯಲ್ಲಿ ಲಿಂಗವಿಟ್ಟರು. ತೀರ್ಥಮ್ಮನಿಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಹಾಳಾದವನು, ತನ್ನ ಪಾಪ ಇವಳ ಸೆರಗಿಗೆ ಕಟ್ಟಿ ಹೋದ. ಈಗ ಬಿಚ್ಚಿ ತೋರಿಸಿದರೆ ಕರಿಯಮ್ಮನ ಮೇಲಿನ ಅಪವಾದ ಹೋಗುತ್ತದೆ, ಕಲ್ಲಿನ ಬರಹವೂ ಉಳಿಯುತ್ತದೆ. ಆದರೆ ನಾಳೆ ಜಗಲಿಯಲ್ಲಿ ಇದೇ ಜನ ಅವನ ಹೆಸರಿಗೆ ಉಗಿಯುತ್ತಾರೆ.

"ಏನತ್ಗೆ ಅದು?" ಎಂದ ರುದ್ರಮೂರ್ತಿ.

"ಅವ್ರ ಕೆಲ್ಸುದ್ದು," ಎಂದು ಸೆರಗಿನಿಂದ ಸುರುಳಿ ತೆಗೆದು ಕೊಟ್ಟಳು. "ಜೊತೇಲೇ ಹೋಗ್ಲಿ."

ಅವನು ಇಳಿದು ಸುರುಳಿಯನ್ನು ಅಣ್ಣನ ತೊಡೆಯ ಮೇಲಿಟ್ಟ. ಮಣ್ಣು ಹಾಕಿ ಎಂದರು ಅಯ್ಯನವರು. ತೀರ್ಥಮ್ಮನ ಕೈ ಏಳಲಿಲ್ಲ. ಅಷ್ಟರಲ್ಲಿ ಕರಿಯಮ್ಮ ಜನರ ನಡುವೆ ದಾರಿ ಮಾಡಿಕೊಂಡು ಬಂದು ಅವಳ ಪಕ್ಕ ನಿಂತಳು.

"ಊರೆಲ್ಲ ಬೈತು ಕಣವ್ವ," ಎಂದಳು. "ಈ ಪುಣ್ಯಾತ್ಮ ಮಾತ್ರ ನಂಗೆ ಒಂದ್ ಮಾತೂ ಅನ್ಲಿಲ್ಲ."

ಬಗ್ಗಿ ಒಂದು ಹಿಡಿ ಮಣ್ಣು ಹಾಕಿದಳು. ಅದು ಬಿದ್ದ ರಭಸಕ್ಕೆ ಸುರುಳಿ ಒಂದು ಗೇಣು ಬಿಚ್ಚಿಕೊಂಡಿತು. ಕಪ್ಪು ಮಸಿಯ ನಡುವೆ ಬೆಳ್ಳನೆಯ ಅಕ್ಷರಗಳು. ಓದು ಬಾರದ ಕರಿಯಮ್ಮ ಅದನ್ನೊಂದು ಗಳಿಗೆ ನೋಡಿ, ಅದರ ಮೇಲೆಯೇ ಎರಡನೇ ಹಿಡಿ ಹಾಕಿದಳು.