ನೀವ್ ಎಲ್ಲಿ ಹಡೀತೀರಿ?

ಹಾನಗಲ್ಲಿನ ವೀರವ್ವ ಸ್ಮಾರಕ ಹೆರಿಗೆ ಆಸ್ಪತ್ರೆಯಲ್ಲಿ ಡಾಕ್ಟರ್ ಶೀಲಾಳ ಬಾಯಿಗೆ ಹೆದರದ ಬಸುರಿ ಇರಲಿಲ್ಲ. ಅವಳ ಕೈಗುಣ ಚಲೋ ಎಂದು ಹಿರೇಕೆರೂರು, ಸವಣೂರಿನ ಕಡೆಯಿಂದಲೂ ಹೆಂಗಸರು ಬರುತ್ತಿದ್ದರು. ಬಾಯಿಯ ಬಗ್ಗೆ ಮಾತ್ರ ಯಾರೂ ಮಾತೆತ್ತುತ್ತಿರಲಿಲ್ಲ. ಹಿಂಡುವ ಎಮ್ಮೆ ಒದ್ದರೆ ಒದೆಸಿಕೊಳ್ಳಬೇಕು ಎಂದು ಸುಮ್ಮನಿರುತ್ತಿದ್ದರು.

ಈ ಬೈಗುಳ ಅವಳಿಗೆ ತವರಿನಿಂದ ಬಂದದ್ದಲ್ಲ. ಕಲಿಯುವ ಕಾಲದಲ್ಲಿ ಹಿರಿಯ ಡಾಕ್ಟರುಗಳು ಹೊಲಿಗೆ ಹಾಕುವುದನ್ನು ಕಲಿಸಿದಂತೆಯೇ ಇದನ್ನೂ ಕಲಿಸಿದ್ದರು. ಗದರಿಸದಿದ್ದರೆ ಹೆರುವವಳು ಜೋರು ಹಾಕುವುದಿಲ್ಲ, ಅಂಗಾತ ಮಲಗಿಸದಿದ್ದರೆ ಹೇಳಿದ ಮಾತು ಕೇಳುವುದಿಲ್ಲ, ನಂಟರನ್ನು ಒಳಗೆ ಬಿಟ್ಟರೆ ಹೆರಿಗೆ ಕೋಣೆ ಸಂತೆಯಾಗುತ್ತದೆ. ಶೀಲಾ ಜಾಣ ವಿದ್ಯಾರ್ಥಿನಿ, ಎಲ್ಲವನ್ನೂ ಚೆನ್ನಾಗಿ ಕಲಿತಳು. ಇಲ್ಲಿಗೆ ಬಂದ ಮೇಲೆ ಆಯಾ ಅಡಿವೆವ್ವನನ್ನು ಬಾಗಿಲಿಗೆ ನಿಲ್ಲಿಸಿ ಕಟ್ಟಪ್ಪಣೆ ಮಾಡಿದಳು:

"ಮಂತ್ರಿ ಹೆಂಡ್ತಿ ಹಡಿಯಾಕ ಬಂದ್ರೂ ಆಕಿ ಅವ್ವನ್ನ ಒಳಗ ಬಿಡಬ್ಯಾಡ. ಬ್ಯಾನಿ ತಿನ್ನಾಕಿ ಎಷ್ಟ ಒದರಿದ್ರೂ ಕಿವ್ಯಾಗ ಹಾಕ್ಕೋಬ್ಯಾಡ."

ಅಡಿವೆವ್ವ ಹೇಳಿದ್ದನ್ನು ಹೇಳಿದಂತೆಯೇ ಮಾಡುವವಳು. ಮುಂದೆ ಶೀಲಾಳಿಗೆ ಅದೇ ಮುಳುವಾಯಿತು.

ಶೀಲಾ ಬಸುರಾಗಿ ಏಳು ತಿಂಗಳು ತುಂಬಿದ್ದಾಗ ಮಂಜುಳಾ ತಪಾಸಣೆಗೆ ಬಂದಳು. ಅಕ್ಕಿಆಲೂರಿನ ಹತ್ತಿರದ ಹಳ್ಳಿಯವಳು, ಶೀಲಾಳಷ್ಟೇ ದೊಡ್ಡ ಹೊಟ್ಟೆ ಹೊತ್ತಿದ್ದಳು. ಮೊದಲನೆಯ ಕೂಸನ್ನು ಇದೇ ಆಸ್ಪತ್ರೆಯಲ್ಲಿ ಹಡೆದಿದ್ದಳು.

"ಈ ಸಲ ಆಪರೇಷನ್ ಮಾಡಿಬಿಡ್ರಿ," ಅಂದಳು.

"ಯಾಕ? ಮೊದಲನೇದು ಸರಳ ಆಗೇತಿ. ಇದೂ ಆಗ್ತೈತಿ. ಹೊಟ್ಟಿ ಕೊಯ್ಯಾಕ ಕಾರಣ ಬೇಕವಾ."

"ಕಾರಣ ಐತ್ರಿ. ಆ ಖೋಲ್ಯಾಗ ಮತ್ತ ಒಬ್ಬಾಕಿನ ಮಲಗಾಕ ನನ್ನ ಕೈಲೆ ಆಗಂಗಿಲ್ರಿ."

"ಬ್ಯಾನಿ ಎಲ್ಲಾರೂ ತಿಂತಾರ. ನೀ ಏನ್ ಬ್ಯಾರೆ ಏನ?"

ಮಂಜುಳಾ ಕಣ್ಣೆತ್ತಿ ಶೀಲಾಳ ಹೊಟ್ಟೆ ನೋಡಿದಳು. "ನೀವ್ ಎಲ್ಲಿ ಹಡೀತೀರಿ?"

ಬೆಂಚಿನ ಮೇಲೆ ಸಾಲಾಗಿ ಕೂತಿದ್ದ ಬಸುರಿಯರೆಲ್ಲ ಕಿವಿ ನಿಮಿರಿಸಿದರು. ಶೀಲಾ ಅವಳ ಕಣ್ಣು ತಪ್ಪಿಸಿ ಕೈಯಲ್ಲಿದ್ದ ಚೀಟಿ ತಿರುವಿದಳು. ಏಕೆಂದರೆ ಅವಳ ಗಂಡ ರುದ್ರೇಶ ಆಗಲೇ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಖೋಲಿ ಗೊತ್ತು ಮಾಡಿದ್ದ. ದಿನ ನಿಗದಿಯಾಗಿತ್ತು, ಹೊಟ್ಟೆ ಕೊಯ್ಯುವುದೂ ನಿಗದಿಯಾಗಿತ್ತು. ಹೆರಿಗೆ ಡಾಕ್ಟರುಗಳಲ್ಲಿ ಇದು ಹೊಸದೇನಲ್ಲ. ಅವಳ ಜೊತೆ ಓದಿದವರಲ್ಲಿ ಬಹಳಷ್ಟು ಜನ ಹಾಗೇ ಹಡೆದಿದ್ದರು. ಊರ ಹೆಂಗಸರಿಗೆ ಬೇನೆ ತಿನ್ನಿ ಅನ್ನುವುದು, ತಾವು ತಾರೀಖು ತೆಗೆದುಕೊಳ್ಳುವುದು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ನಾಚಿಕೆಯಾಯಿತು. ನಾಚಿಕೆಯಾದಾಗಲೆಲ್ಲ ಶೀಲಾಳಿಗೆ ಸಿಟ್ಟು ಬರುತ್ತಿತ್ತು.

"ಇಲ್ಲೇ ಹಡೀತೇನಿ. ನೀ ಮಲಗಿದ ಮಂಚದ ಮ್ಯಾಲೇನ. ಸಾಕ?"

"ಹಂಗಾರ ನಾನೂ ಇಲ್ಲೇ ಬರ್ತೇನ್ರಿ," ಅಂದಳು ಮಂಜುಳಾ.

ಮನೆಯಲ್ಲಿ ರುದ್ರೇಶ ಹಾರಾಡಿದ. ಡಾಕ್ಟರ್ ಗೆಳತಿಯರು ವಾಟ್ಸಾಪಿನಲ್ಲಿ ನಕ್ಕರು. ಶೀಲಾ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು. ತೊಡಕಾದರೆ ಆಪರೇಷನ್ ಕೋಣೆ ಪಕ್ಕದಲ್ಲೇ ಇದೆ, ಕೈಕೆಳಗಿನ ಡಾಕ್ಟರ್ ತನುಜಾ ಕೊಯ್ಯುತ್ತಾಳೆ. ಆದರೆ ಇಲ್ಲಿಂದ ಓಡಿಹೋದರೆ ನಾಳೆ ಆ ಬೆಂಚಿನ ಮುಂದೆ ಯಾವ ಮುಖ ಹೊತ್ತು ಕೂರಲಿ? ಚಿಕ್ಕೇರೂರಿನಲ್ಲಿದ್ದ ಅತ್ತೆ ಮಹಾದೇವಕ್ಕ ಮಾತ್ರ ಒಂದು ಮಾತೂ ಎದುರಾಡಲಿಲ್ಲ. ತಾಯಿಯಿಲ್ಲದ ಸೊಸೆಗೆ ಫೋನಿನಲ್ಲಿ, "ಎಲ್ಲೇ ಹಡಿ, ನಾ ನಿನ್ನ ಬಾಜೂಕ ಇರ್ತೇನಿ," ಅಂದಳು. ಶೀಲಾ ಹೂಂ ಅಂದಳು. ತನ್ನದೇ ಕಟ್ಟಪ್ಪಣೆ ಅವಳ ನೆನಪಿಗೇ ಬರಲಿಲ್ಲ.

ಬೇನೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ, ರೋಗಿಗಳನ್ನು ನೋಡುತ್ತಿದ್ದಾಗಲೇ. ಕೂತಲ್ಲಿಂದ ಎದ್ದು ಹೆರಿಗೆ ಕೋಣೆಗೆ ನಡೆದೇ ಹೋದಳು. ಸುದ್ದಿ ತಿಳಿದು ಮಹಾದೇವಕ್ಕ ಓಡೋಡಿ ಬರುವಷ್ಟರಲ್ಲಿ ಅಡಿವೆವ್ವ ಬಾಗಿಲು ಹಾಕಿ ಅಡ್ಡ ನಿಂತಿದ್ದಳು.

ಶೀಲಾಳೇ ಕಲಿಸಿದ ಪದ್ಧತಿಯಂತೆ ತನುಜಾ ಅವಳನ್ನು ಅಂಗಾತ ಮಲಗಿಸಿದಳು, ಕೂಸಿನ ಎದೆಬಡಿತ ಕೇಳಿದಳು, "ಎಲ್ಲಾ ಸರಿ ಐತ್ರಿ ಮೇಡಂ," ಎಂದು ಹೊರಗಿನ ರೋಗಿಗಳನ್ನು ನೋಡಲು ಹೋದಳು. ಶೀಲಾ ಒಬ್ಬಳೇ ಉಳಿದಳು. ಬೇನೆ ಹೀಗೆ ಏರುತ್ತದೆ, ಹೀಗೆ ಇಳಿಯುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಇಳಿದಾಗ ಕಣ್ಣು ತೆರೆದರೆ ಒಂದು ಮುಖವೂ ಕಾಣದಿದ್ದರೆ ಹೇಗಿರುತ್ತದೆ ಎಂಬುದು ಮಾತ್ರ ಯಾವ ಪಾಠದಲ್ಲೂ ಬಂದಿರಲಿಲ್ಲ. ಅವಳಿಗೆ ಹೆದರಿಕೆಯಾಯಿತು. ಆಗ ಮಂಜುಳಾ ಹೇಳಿದ್ದು ಅರ್ಥವಾಯಿತು. ಅವಳು ಬೇನೆಗೆ ಅಂಜಿರಲಿಲ್ಲ, ಒಬ್ಬಳೇ ಇರುವುದಕ್ಕೆ ಅಂಜಿದ್ದಳು. ಹೇಳಿಯೂ ಇದ್ದಳು. ಕೇಳಿಸಿಕೊಳ್ಳುವ ತಾಳ್ಮೆ ಡಾಕ್ಟರಿಗೆ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪರದೆಯ ಆಚೆಯ ಮಂಚಕ್ಕೆ ಇನ್ನೊಬ್ಬಳನ್ನು ತಂದು ಮಲಗಿಸಿದರು. "ಯವ್ವಾ" ಎಂಬ ಕೂಗಿನಿಂದಲೇ ಶೀಲಾ ಗುರುತು ಹಿಡಿದಳು. ಮಂಜುಳಾ!

ಹಿಂದೆಯೇ ತನುಜಾಳ ದನಿ: "ಏ, ಬಾಯಿ ಮುಚ್ಚು! ಜಗತ್ತಿನ್ಯಾಗ ನೀ ಒಬ್ಬಾಕಿನ ಹಡಿಯಾಕಿ ಏನ?"

ಮಾತು ಶೀಲಾಳದು, ರಾಗವೂ ಶೀಲಾಳದು. ಅದೇ ತನುಜಾ ಪರದೆ ಸರಿಸಿ ಈಚೆ ಬಂದವಳೇ ಬೆಣ್ಣೆಯಂಥ ದನಿಯಲ್ಲಿ, "ಮೇಡಂ, ಸಾವಕಾಶ ಉಸುರು ತಗೋರಿ," ಅಂದಳು. ಬೈಗುಳಕ್ಕಿಂತ ಆ ಬೆಣ್ಣೆಯೇ ಶೀಲಾಳಿಗೆ ಹೆಚ್ಚು ಚುಚ್ಚಿತು.

ಮತ್ತೊಂದು ಬೇನೆ ಏರಿತು. ಸೋತು ಕೂಗಿದಳು: "ಅಡಿವೆವ್ವಾ, ನಮ್ಮತ್ತಿನ್ನ ಒಳಗ ಬಿಡು!"

ಬಾಗಿಲಾಚೆಯಿಂದ ಉತ್ತರ ಬಂತು: "ಬಿಡಂಗಿಲ್ರಿ ಮೇಡಮ್ಮಾರ. ಮಂತ್ರಿ ಹೆಂಡ್ತಿ ಅವ್ವನ್ನೂ ಬಿಡಬ್ಯಾಡ ಅಂದೀರಿ."

"ಈಗ ನಾನ ಹೇಳಾಕತ್ತೇನಿ, ಬಿಡು!"

"ಬ್ಯಾನ್ಯಾಗ ಎಲ್ಲಾರೂ ಹಂಗ ಅಂತಾರ್ರಿ. ಕಿವ್ಯಾಗ ಹಾಕ್ಕೋಬ್ಯಾಡ ಅಂತನೂ ನೀವ ಹೇಳೀರಿ."

ಮಾಡಿದ್ದುಣ್ಣೋ ಮಹರಾಯ! ಶೀಲಾಳಿಗೆ ಅಳು, ನಗು ಎರಡೂ ಬಂದವು, ಯಾವುದಕ್ಕೂ ಪುರುಸೊತ್ತಿರಲಿಲ್ಲ.

ತನುಜಾ ಬಾಗಿಲಿನತ್ತ ತಿರುಗಿ, "ಬಿಡವಾ ಅಡಿವೆವ್ವ, ಮೇಡಂ ಅವರದು ಬ್ಯಾರೆ," ಅಂದಳು.

ಪರದೆಯ ಆಚೆ ಮಂಜುಳಾ ನರಳುವುದನ್ನು ನಿಲ್ಲಿಸಿದಳು. ಶೀಲಾಳಿಗೆ ಗೊತ್ತಾಯಿತು, ಅವಳು ಕಿವಿಗೊಟ್ಟಿದ್ದಾಳೆ. ಹೂಂ ಅಂದುಬಿಟ್ಟಿದ್ದರೆ ಮುಗಿದಿತ್ತು, ಅತ್ತೆ ಬಂದು ತಲೆ ನೇವರಿಸುತ್ತಿದ್ದಳು. ಆದರೆ ಕೋಣೆ ಒಂದೇ ಆಗಿ, ಒಬ್ಬಳಿಗೆ ಅತ್ತೆ, ಇನ್ನೊಬ್ಬಳಿಗೆ ಬೈಗುಳವಾದರೆ, ಹುಬ್ಬಳ್ಳಿಗೆ ಹೋಗುವುದಕ್ಕೂ ಇದಕ್ಕೂ ಏನು ಫರಕು?

"ಏನೂ ಬ್ಯಾರೆ ಇಲ್ಲ," ಹಲ್ಲು ಕಚ್ಚಿ ಅಂದಳು. "ಬಿಟ್ರ ಇಬ್ಬರ ಮಂದಿನ್ನೂ ಬಿಡಬೇಕು. ಇಲ್ಲಾಂದ್ರ ನಮ್ಮತ್ತೀನೂ ಬ್ಯಾಡ. ಮಂಜುಳಾ, ನಿನ್ನ ಕಡೆಯವರು ಯಾರ ಅದಾರ?"

ಆಚೆಯಿಂದ ಸಣ್ಣ ದನಿ ಬಂತು. "ಯಾರೂ ಇಲ್ರಿ. ಅವ್ವ ದುಂಡಸಿಯಿಂದ ಬಸ್ಸಿನ್ಯಾಗ ಬರಾಕತ್ತಾಳ."

ಶೀಲಾ ಕಣ್ಣು ಮುಚ್ಚಿದಳು. ಅತ್ತೆ ಬೇಕಿತ್ತು, ಈಗಲೇ ಬೇಕಿತ್ತು. "ಹಂಗಾರ ತನುಜಾ, ನಮ್ಮತ್ತಿನ್ನ ಕರಿ. ಮೊದಲ ಆಕಿ ಕಡೆ ಕಳಸು."

ತನುಜಾ ತಾನೇ ಹೋಗಿ ಅಡಿವೆವ್ವನ ತೋಳು ಹಿಡಿದು ಸರಿಸಬೇಕಾಯಿತು. ಒಳಗೆ ಬಂದ ಮಹಾದೇವಕ್ಕ ಎರಡೂ ಕಡೆ ನೋಡಿದಳು, ಪರದೆಯನ್ನು ಸರ್ರನೆ ಗೋಡೆಗೆ ತಳ್ಳಿದಳು.

"ಈ ಮಂಚ ಯಾಕ ಹಿಂಗ ದೂರ ಇಟ್ಟೀರಿ? ಹತ್ತರ ಸರಸ್ರಿ. ನನಗ ಎರಡು ಕೈ ಅದಾವ."

ಮಂಚಗಳು ಕಿರ್ರೆಂದು ಸರಿದವು. ಮಹಾದೇವಕ್ಕ ನಡುವೆ ಸ್ಟೂಲು ಹಾಕಿಕೊಂಡು ಕೂತು ಆಚೆಗೊಂದು ಈಚೆಗೊಂದು ಕೈ ಕೊಟ್ಟಳು. "ಬಿಗಿಯಾಗಿ ಹಿಡಕೋರಿ. ಮುರದ್ರ ಇಲ್ಲೇ ದವಾಖಾನಿ ಐತಿ," ಅಂದಳು. ಮಂಜುಳಾ ಬೇನೆಯಲ್ಲೂ ನಕ್ಕಳು.

ಮಂಜುಳಾಳ ಹೆರಿಗೆಯೇ ಮೊದಲು ಆಯಿತು. ತನುಜಾ ಗದರಲು ಬಾಯಿ ತೆರೆದವಳು ಶೀಲಾಳ ಮುಖ ನೋಡಿ ಮುಚ್ಚಿದಳು, ಆಮೇಲೆ ಅದೇ ಬೆಣ್ಣೆ ದನಿಯಲ್ಲಿ, "ಮಂಜುಳಾ, ಉಸುರು ತಗೋ, ಇನ್ನೊಂದು ಸಲ ನೋಡೂಣು," ಅಂದಳು. ಗಂಡುಕೂಸು ಬಂತು. ಶೀಲಾ ಮತ್ತೂ ಬಹಳ ಹೊತ್ತು ಕಾಯಬೇಕಾಯಿತು. ಕೊನೆಯಲ್ಲಿ ಅವಳು ಹಾಕಿದ ಬೊಬ್ಬೆಯಂಥದ್ದನ್ನು ಆ ಕೋಣೆ ಅಲ್ಲಿಯವರೆಗೆ ಕೇಳಿರಲಿಲ್ಲ. ಯಾರೂ ಬಾಯಿ ಮುಚ್ಚು ಅನ್ನಲಿಲ್ಲ. ಹೆಣ್ಣುಕೂಸು ಅವಳ ಎದೆಯ ಮೇಲೆ ಬಿಸಿಬಿಸಿಯಾಗಿ ಬಂದು ಮಲಗಿತು.

"ಹೇಳಿದಂಗ ಇಲ್ಲೇ ಹಡದ್ರಿ ನೋಡ್ರಿ," ಅಂದಳು ಪಕ್ಕದ ಮಂಚದ ಮಂಜುಳಾ.

ಶೀಲಾ ಕೂಸನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ತನುಜಾ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಮೇಡಂ, ನಾಳಿಂದ ಬಾಗಲಾ ಹೆಂಗ ಮಾಡೂಣ್ರಿ?"

ಅಷ್ಟರಲ್ಲಿ ಬಾಗಿಲಾಚೆ ಅಡಿವೆವ್ವ ಯಾರನ್ನೋ ತಡೆಯುತ್ತಿರುವುದು ಕೇಳಿಸಿತು. ಬಸ್ಸಿಳಿದು ಬಂದ ಮಂಜುಳಾಳ ತಾಯಿ ಬೇಡಿಕೊಳ್ಳುತ್ತಿದ್ದಳು.

"ನಾಳಿ ಯಾಕ?" ಅಂದಳು ಶೀಲಾ. "ಆಕಿ ಅವ್ವ ಈಗ ನಿಂತಾಳ."

ಅಡಿವೆವ್ವ ಬಾಗಿಲಿಂದ ತಲೆ ಹಾಕಿ, "ಮೇಡಮ್ಮಾರ, ಇದು ಬ್ಯಾನ್ಯಾಗ ಹೇಳಿದ ಮಾತೋ, ಖರೇನೋ?" ಅಂದಳು.

"ಬ್ಯಾನ್ಯಾಗ ಹೇಳಿದ್ದೂ ಖರೇನ ಇತ್ತು. ಇನ್ನ ಮ್ಯಾಲೆ ಒಳಗಿನಾಕಿ ಯಾರನ್ನ ಕೇಳ್ತಾಳ, ಅವರನ್ನ ಬಿಡು."

ಮುದುಕಿ ಚಪ್ಪಲಿ ಹೊರಗೆ ಬಿಟ್ಟು, ಹೆದರುತ್ತ ಹೆದರುತ್ತ ಒಳಗೆ ಬಂದಳು. ಮಹಾದೇವಕ್ಕ ಎದ್ದು ಅವಳಿಗೆ ಸ್ಟೂಲು ಬಿಟ್ಟುಕೊಟ್ಟಳು. ಅಡಿವೆವ್ವ ಬಾಗಿಲು ಎಳೆದುಕೊಳ್ಳಲು ಹೋದವಳು ಅರ್ಧಕ್ಕೇ ಕೈಬಿಟ್ಟಳು.