ಗುರುತಿನ ಚೀಟಿಯ ಹುಡುಗಿ

"ಇದ್ಯಾರಪ್ಪ ಈ ಹುಡುಗಿ?"

ಟೀಚರ್ ಯಾರನ್ನೂ ಕೇಳಿದ್ದಲ್ಲ. ಶಾಲೆಯ ಗುರುತಿನ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಮ್ಮಷ್ಟಕ್ಕೆ ಅಂದರು. ತರಗತಿಯ ಬಾಗಿಲಲ್ಲಿ ಮಗಳು ಗುಬ್ಬಿಯ ಕೈ ಹಿಡಿದು ನಿಂತಿದ್ದ ಫೋಟೋ ಸ್ಟುಡಿಯೋದವನು ಮಾತ್ರ ಕಣ್ಣು ತಗ್ಗಿಸಿದ.

ಗುಬ್ಬಿಗೆ ಹುಟ್ಟಿನಿಂದಲೇ ಬಲಗಣ್ಣಿನ ಕೆಳಗಿಂದ ತುಟಿಯವರೆಗೆ ಕಡುಗೆಂಪು ಮಚ್ಚೆ. ಆ ಬದಿಯ ತುಟಿಯೂ ತುಸು ಊದಿಕೊಂಡಿತ್ತು. ಇಷ್ಟು ವರ್ಷ ಅಜ್ಜಿಯೇ ಮನೆಯಲ್ಲಿ ಕೂರಿಸಿಕೊಂಡು ಅಕ್ಷರ, ಮಗ್ಗಿ, ಪದ್ಯ ಎಲ್ಲ ಕಲಿಸಿದ್ದಳು. ಶಾಲೆಗೇ ಹೋಗಬೇಕೆಂದು ಹಟ ಹಿಡಿದವಳು ಗುಬ್ಬಿ. ಚೀಟಿಗೆ ಫೋಟೋ ಬೇಕೆಂದಾಗ ಸ್ಟುಡಿಯೋದ ಸ್ಟೂಲಿನ ಮೇಲೆ ನೆಟ್ಟಗೆ ಕೂತು, "ಅಪ್ಪಾ, ಹಲ್ಲು ಕಾಣಿಸ್ಲಾ, ಬೇಡ್ವಾ?" ಎಂದಿದ್ದಳು.

ಕಂಪ್ಯೂಟರಿನಲ್ಲಿ ಊರವರ ಫೋಟೋಗಳ ಮೊಡವೆ, ಕಣ್ಣಡಿಯ ಕಪ್ಪು ಅಳಿಸಿ ಅಳಿಸಿ ಪಳಗಿದ ಕೈ ಅವನದು. ಅಂದು ಅದೇ ಕೈ ಮಗಳ ಕೆನ್ನೆಗೂ ಹೋಯಿತು. ಅಭ್ಯಾಸಬಲವೆನ್ನೋಣವೆಂದರೆ ಅದೂ ಅಲ್ಲ. ಎಡಗೆನ್ನೆಯ ಬಣ್ಣವನ್ನು ಬಲಕ್ಕೆ ತಂದು, ತುಟಿಯನ್ನು ಕಿರಿದು ಮಾಡಿ, ಹಿಂದೆ ಸರಿದು ನೋಡಿ, ದೇವರು ಕ್ಷಮಿಸಲಿ, ಎಷ್ಟು ಲಕ್ಷಣ ಎಂದು ಹಿಗ್ಗಿದ್ದ. ಆ ಫೋಟೋವನ್ನು ಮಗಳಿಗೆ ತೋರಿಸದೆ ನೇರ ಶಾಲೆಗೆ ಕಳಿಸಿದ್ದ.

ಟೀಚರ್ ತಲೆಯೆತ್ತಿ ಗುಬ್ಬಿಯನ್ನು ನೋಡಿದರು. "ಓ, ಇವಳದ್ದೇನಾ?"

"ಕಂಪ್ಯೂಟರ್‌ದು ತಪ್ಪು ಮೇಡಂ," ಎಂದುಬಿಟ್ಟ ಅವನು. "ಒಂದೊಂದ್ಸಲ ಅದೇ ಹೀಗೆ ಮಾಡ್ಬಿಡತ್ತೆ."

ಬೆವೆತ ಅಂಗೈಯಿಂದ ಗುಬ್ಬಿಯ ಬೆರಳುಗಳು ಮೆಲ್ಲಗೆ ಜಾರಿಕೊಂಡವು. ಅವಳು ಚೀಟಿ ಇಸಿದುಕೊಂಡು ನೋಡಿದಳು. ಸ್ಟುಡಿಯೋ ಮುಚ್ಚಿದ ಮೇಲೆ ಅಪ್ಪನ ಪಕ್ಕ ಕೂತು ಅವನ ಕೆಲಸ ನೋಡುತ್ತಲೇ ಬೆಳೆದವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಮುಂದಿನ ಬೆಂಚಿನ ಹುಡುಗಿ ಕತ್ತು ಚಾಚಿದಳು. "ಯಾರೇ ಇದು? ನಿಮ್ಮಕ್ಕನಾ?"

"ಅಲ್ಲ. ನಮ್ಮಪ್ಪ ಕಂಪ್ಯೂಟರಲ್ಲಿ ಮಾಡ್ಕೊಂಡಿರೋ ಹುಡುಗಿ."

ಮಕ್ಕಳು ಗೊಳ್ಳೆಂದರು. ಗುಬ್ಬಿ ನಗಲಿಲ್ಲ. ಇಷ್ಟು ವರ್ಷ ಅವನು ಬೀದಿಯವರ ಕಣ್ಣಿಗೆ ಹೆದರಿ ಮಗಳನ್ನು ಬಚ್ಚಿಟ್ಟಿದ್ದ. ಮೊದಲು ನೋಯಿಸಿದ್ದು ತನ್ನ ಕಣ್ಣೇ.

ಅಲ್ಲೇ ಹೊಸ್ತಿಲಲ್ಲಿ ಮಂಡಿಯೂರಿದ. "ತಪ್ಪಾಯ್ತು ಕಣೇ ಗುಬ್ಬಿ. ಕಂಪ್ಯೂಟರ್ ಅಲ್ಲ, ನಾನೇ ಮಾಡಿದ್ದು. ಸಂಜೆ ಇನ್ನೊಂದು ತೆಗೀತೀನಿ. ಇದ್ದ ಹಾಗೇ. ಏನೂ ಮುಟ್ಟಲ್ಲ. ಬಂದು ಕೂತ್ಕೋ, ಆಯ್ತಾ?"

ಅವಳು ಚೀಟಿಯನ್ನು ಅವನ ಅಂಗಿಯ ಜೇಬಿಗೆ ತುರುಕಿದಳು.

"ಇಲ್ಲ. ನಿನ್ನ ಹತ್ರ ತೆಗೆಸ್ಕೊಳ್ಳಲ್ಲ."