ಗಾಜಿನಾಚೆಯ ನಿದ್ದೆ

ನೆಲದಡಿಯ ನಿಲ್ದಾಣದ ಮೆಟ್ಟಿಲು ಹತ್ತಿ ಬೀದಿಗೆ ಬಂದ ಗಳಿಗೆಯಿಂದ ಕಂಡಕ್ಟರನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ವರ್ಷಾನುಗಟ್ಟಲೆ ಒಂದೇ ಊರಿನ ಅದೇ ರಸ್ತೆಗಳಲ್ಲಿ ಬಸ್ಸಿನೊಳಗೆ ಹಿಂದಕ್ಕೂ ಮುಂದಕ್ಕೂ ಓಡಾಡಿದವನು ಅವನು. ಡಿಪೋದ ಬೇರೆಯವರು ರಜೆ ಮುಗಿಸಿ ಬಂದು, ಕಂಡದ್ದಕ್ಕೆ ಕಾಣದ್ದನ್ನೂ ಸೇರಿಸಿ ಹೇಳುವಾಗ ಅವನು ಟೀ ಲೋಟ ಹಿಡಿದು ಸುಮ್ಮನೆ ತಲೆಯಾಡಿಸಬೇಕಾಗುತ್ತಿತ್ತು. ಈ ಸಲ ಹಾಗಾಗಕೂಡದು. ಅವರೆಲ್ಲ ಹೊಗಳಿ ಅಟ್ಟಕ್ಕೇರಿಸಿದ್ದ ಬೀದಿಗೇ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಇದ್ದದ್ದು ಒಂದೇ ಮಧ್ಯಾಹ್ನ. ಸಂಜೆಗೆ ವಾಪಸು ರೈಲು.

“ಬಾರೇ ಬೇಗ! ಆ ಕಡೆ ನೋಡು, ಗೋಡೆ ತುಂಬಾ ಟಿವಿ!”

“ನೋಡ್ದೆ.”

“ಎಲ್ಲಿ ನೋಡ್ದೆ? ತಲೇನೇ ಎತ್ತಲಿಲ್ಲ.”

ಅವಳು ತಲೆ ಎತ್ತಿದಳು. ಆರಂತಸ್ತಿನಷ್ಟು ಎತ್ತರದ ಹೆಣ್ಣೊಬ್ಬಳು ಕೂದಲು ಕೊಡವಿ ಶಾಂಪೂ ತೋರಿಸುತ್ತಿದ್ದಳು. ಅಷ್ಟರಲ್ಲಿ ಕಂಡಕ್ಟರ್ ಹತ್ತು ಮಾರು ಮುಂದಿದ್ದ.

ಅವಳದ್ದು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಹಬೆಯಾಡುವ ಹಾಸಿಗೆ ಬಟ್ಟೆಗಳನ್ನು ಇಡೀ ದಿನ ನಿಂತೇ ಇಸ್ತ್ರಿ ಮಾಡಿ ಮಡಚಬೇಕು. ಈ ಪ್ರವಾಸದ ರಜೆಗಾಗಿ ವಾರವಿಡೀ ಬೇರೆಯವರ ಪಾಳಿಯನ್ನೂ ತಾನೇ ಮಾಡಿದ್ದಳು. ರೈಲಿನಲ್ಲಾದರೂ ನಿದ್ದೆ ಮಾಡೋಣವೆಂದರೆ ಗಂಡನ ಬಾಯಿಗೆ ಬಿಡುವಿರಲಿಲ್ಲ.

ಆಟಿಕೆ ಅಂಗಡಿಯ ಅಷ್ಟೂ ಮಹಡಿ ಹತ್ತಿ ಇಳಿದರು. ಗೇಮ್ ಸೆಂಟರಿನ ಗದ್ದಲದಲ್ಲಿ ಅವನು ಹೇಳಿದ್ದು ಅವಳಿಗೆ ಕೇಳಲಿಲ್ಲ, ಅವಳು ಹೇಳಿದ್ದು ಅವನಿಗೆ ಕೇಳಲಿಲ್ಲ. ಒಂದು ಅಂಗಡಿಯ ಹಾಡು ಮುಗಿಯುವ ಮೊದಲೇ ಪಕ್ಕದಂಗಡಿಯ ಹಾಡು ಬಂದು ಕಿವಿಗೆ ಅಪ್ಪಳಿಸುತ್ತಿತ್ತು. ಕರಡಿ ವೇಷದವನೊಬ್ಬ ಅವಳ ಕೈಗೆ ಕರಪತ್ರ ತುರುಕಿ ಹೋದ. ಫೋಟೊ ತೆಗೆದೂ ತೆಗೆದೂ ತನ್ನ ಫೋನ್ ಸತ್ತಾಗ ಕಂಡಕ್ಟರ್ ಅವಳದ್ದನ್ನು ಇಸಿದುಕೊಂಡ.

“ರೀ, ಚಪ್ಪಲಿ ಕಚ್ತಿದೆ. ಸ್ವಲ್ಪ ಕೂತ್ಕೊಳ್ಳೋಣ.”

“ಕೂರೋಕೆ ಊರಲ್ಲಿ ಮನೆ ಇಲ್ವಾ?”

ಎದುರಿನ ಕಟ್ಟಡದ ತಾರಸಿಯ ಮೇಲೆ ದೊಡ್ಡ ಚಕ್ರವೊಂದು ಸುತ್ತುತ್ತಿತ್ತು. ಅದರಲ್ಲಿ ಕೂತರೆ ಇಡೀ ನಗರ ಕಾಣುತ್ತದಂತೆ. “ಇಲ್ಲೇ ಕಾರಂಜಿ ಹತ್ರ ನಿಂತಿರು, ಟಿಕೆಟ್ ತಂದ್ಬಿಡ್ತೀನಿ,” ಎಂದು ಅವನು ಓಡಿದ.

ಸಾಲು ಉದ್ದವಿತ್ತು. ಟಿಕೆಟ್ ಹಿಡಿದು ಬಂದಾಗ ಕಾರಂಜಿಯ ಹತ್ತಿರ ಅವಳಿರಲಿಲ್ಲ.

ಮೊದಲು ಸಿಟ್ಟು ಬಂತು. ಹೇಳಿದ ಕಡೆ ನಿಲ್ಲಲಿಕ್ಕೂ ಆಗದೇ ಇವಳಿಗೆ? ಫೋನ್ ಮಾಡೋಣವೆಂದು ಜೇಬಿಗೆ ಕೈ ಹಾಕಿದರೆ ಅವಳ ಫೋನೇ ಕೈಗೆ ಬಂತು. ಆಟಿಕೆ ಅಂಗಡಿಗೆ ಓಡಿದ, ಗೇಮ್ ಸೆಂಟರಿಗೆ ಓಡಿದ. ಹೆಂಗಸರ ಶೌಚಾಲಯದಿಂದ ಹೊರಬಂದ ಅಜ್ಜಿಯೊಬ್ಬರನ್ನು ಬೇಡಿಕೊಂಡ. ಅವರು ಮತ್ತೆ ಒಳಗೆ ಹೋಗಿ ಕೂಗಿ ನೋಡಿ, “ಇಲ್ಲಪ್ಪ, ಯಾರೂ ಓಗೊಡ್ಲಿಲ್ಲ,” ಎಂದರು. ಸಿಟ್ಟು ಮಾಡಿಕೊಂಡು ಒಬ್ಬಳೇ ರೈಲಿಗೆ ಹೋದಳೋ? ದಾರಿ ಗೊತ್ತೇ ಅವಳಿಗೆ? ಇಡೀ ದಿನ ಅವನ ಬೆನ್ನು ನೋಡಿಕೊಂಡೇ ನಡೆದಿದ್ದಳಲ್ಲ.

ಪೀಠೋಪಕರಣದ ಅಂಗಡಿಯೊಂದರ ಮುಂದೆ ಜನ ಮುತ್ತಿಕೊಂಡಿದ್ದರು. ಅಷ್ಟು ಗಾಬರಿಯಲ್ಲೂ, ಇದೊಂದು ತಪ್ಪಿಹೋಗಬಾರದೆಂದು ಕಂಡಕ್ಟರ್ ಕತ್ತು ಉದ್ದ ಮಾಡಿದ.

ಗಾಜಿನಾಚೆ ಮಲಗುವ ಕೋಣೆಯೊಂದನ್ನು ಅಣಿಮಾಡಿ ಇಟ್ಟಿದ್ದರು. ಮಂಚ, ದೀಪ, ಮಡಚುವ ಮರದ ಪರದೆ. ಮಂಚದ ಮೇಲೆ ಅವಳು, ಪರ್ಸನ್ನು ಅವಚಿಕೊಂಡು, ಬಾಯಿ ತುಸು ತೆರೆದು, ಗಾಢ ನಿದ್ದೆಯಲ್ಲಿದ್ದಳು. ಚಪ್ಪಲಿ ಜೋಡಿ ಮಂಚದ ಕೆಳಗೆ ಒಪ್ಪವಾಗಿತ್ತು.

“ಬೊಂಬೇನಾ?”

“ಅಲ್ಲ, ಉಸಿರಾಡ್ತಿದಾಳೆ ನೋಡಿ. ಜಾಹೀರಾತಿರ್ಬೇಕು.”

“ಎಷ್ಟು ಚೆನ್ನಾಗಿ ನಟಿಸ್ತಾಳಲ್ವಾ!”

ಕಂಡಕ್ಟರನ ಮುಖ ಕಾದ ಹೆಂಚಾಯಿತು. ಇವಳು ನನ್ನವಳು ಅನ್ನಲು ಬಾಯಿ ಬರಲಿಲ್ಲ. ಹಾಗೇ ನೋಡುತ್ತ ನಿಂತ. ಮೊಣಕೈಯ ಬಳಿ ಇಸ್ತ್ರಿ ಯಂತ್ರ ಸುಟ್ಟ ಕಲೆಗಳು, ಬಿರಿದ ಹಿಮ್ಮಡಿ. ಅವಳು ಮಲಗಿದ್ದನ್ನು ನೋಡಿ ಎಷ್ಟು ಕಾಲವಾಯಿತೋ. ಅವನು ಮಲಗಿದ ಮೇಲೆ ಅವಳು ಮಲಗುತ್ತಿದ್ದಳು, ಅವನು ಏಳುವಷ್ಟರಲ್ಲಿ ಎದ್ದಿರುತ್ತಿದ್ದಳು.

ಒಳಗೆ ಹೋದಾಗ ಅಂಗಡಿಯ ಹುಡುಗಿ ಎದುರು ಬಂದಳು. “ಮಂಚ ನೋಡ್ಬೇಕಾ ಸಾರ್?”

“ಮಂಚ ಅಲ್ಲಮ್ಮ, ಮಂಚದ ಮೇಲಿರೋರು. ನನ್ನ ಹೆಂಡತಿ.”

ಹುಡುಗಿ ನಗು ತಡೆದುಕೊಂಡಳು. “ಕೂತು ನೋಡ್ಲಾ ಅಂದ್ರು, ಕೂತ್ಕೊಳ್ಳಿ ಅಂದೆ. ಆ ಕಡೆ ಹೋಗಿ ಬರೋಷ್ಟ್ರಲ್ಲಿ ಹೀಗೆ. ಮ್ಯಾನೇಜರ್ ಊಟಕ್ಕೆ ಹೋಗಿದಾರೆ, ಅವ್ರು ಬರೋವರೆಗೂ ಮಲಗ್ಲಿ ಬಿಡಿ.”

ಎಬ್ಬಿಸಲು ಚಾಚಿದ ಕೈಯನ್ನು ಅವನು ಹಿಂದಕ್ಕೆ ತೆಗೆದ. ಗಾಜಿನ ಹೊರಗೆ ಫೋನುಗಳು ಮೇಲೆದ್ದಿದ್ದವು. ತಟ್ಟನೆ ಮರದ ಪರದೆಯನ್ನು ದರದರ ಎಳೆದು ಗಾಜಿಗೆ ಅಡ್ಡ ನಿಲ್ಲಿಸಿದ.

“ಸಾರ್, ಅದನ್ನೆಲ್ಲ ಮುಟ್ಟಬಾರ್ದು!”

“ಆಮೇಲೆ ನಾನೇ ಸರಿಮಾಡ್ತೀನಮ್ಮ.”

ಹೊರಗೆ ಜನ ಬೇಸರದಿಂದ ಚದುರಿದರು. ಅವನು ಸ್ಟೂಲಿನ ಮೇಲೆ ಕೂತ, ಎದ್ದ, ಮತ್ತೆ ಕೂತ. ಟಿಕೆಟ್ಟಿನಲ್ಲಿ ಬರೆದಿದ್ದ ಚಕ್ರದ ಸರದಿ ಬಂದಿರಬೇಕು. ಪರದೆಯ ಸಂದಿನಲ್ಲಿ ಇಣುಕಿದರೆ ಬೀದಿ ಅವನನ್ನು ಬಿಟ್ಟು ಭರ್ರನೆ ಹರಿಯುತ್ತಲೇ ಇತ್ತು. ಎಬ್ಬಿಸಲೇ? ಇನ್ನೊಂದು ಗಳಿಗೆ. ಸರದಿ ಮುಗಿದಿರಬೇಕು. ಆದರೂ ಎಬ್ಬಿಸಲಿಲ್ಲ.

ಮ್ಯಾನೇಜರನ ದನಿ ಕೇಳಿ ಅವಳೇ ಎಚ್ಚೆತ್ತಳು. “ಅಯ್ಯೋ! ಎಬ್ಬಿಸ್ಬಾರ್ದಾ ರೀ? ಚಕ್ರ?”

“ಹೋಯ್ತು ಬಿಡು.”

“ಇಷ್ಟ್ಹೊತ್ತು ಇಲ್ಲೇ ಕೂತಿದ್ರಾ ನೀವು?”

“ಕೂತಿರ್ಲಿಲ್ಲ. ನಿಂತಿದ್ದೆ.”

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಹಾಸಿಗೆಯ ಸುಕ್ಕು ಎಳೆದು ಸರಿಮಾಡಿದಳು. ಅವನು ಪರದೆಯನ್ನು ಸ್ವಸ್ಥಾನಕ್ಕೆ ಸರಿಸಿದ. ಮ್ಯಾನೇಜರ್ ಏನಾದರೂ ಅನ್ನುವ ಮೊದಲೇ ಇಬ್ಬರೂ ಹೊರಬಿದ್ದರು.

ಬೀದಿಗಿಳಿದದ್ದೇ ಅವಳು ಬೇರೆಯೇ ಆಗಿದ್ದಳು. ಚಪ್ಪಲಿ ಕೈಗೆ ತೆಗೆದುಕೊಂಡು ಅವನಿಗಿಂತ ಮುಂದೆ ನಡೆದಳು. ಸಿನಿಮಾ ಮಂದಿರದ ಎದುರು ಒಬ್ಬ ಮುದುಕ ಎರಡು ಕೋಲಿಗೆ ದಾರ ಕಟ್ಟಿ, ಆನೆಯಷ್ಟು ದೊಡ್ಡ ಸೋಪಿನ ಗುಳ್ಳೆ ಬಿಡುತ್ತಿದ್ದ. ಅವಳು ಅಲ್ಲೇ ನಿಂತುಬಿಟ್ಟಳು.

“ನೋಡಿದ್ದಾಯ್ತಲ್ಲ, ನಡಿಯೇ. ಆ ತುದಿಯಲ್ಲಿ ಇನ್ನೂ...”

“ಮುಗೀಲಿ, ತಾಳಿ.”

ಗುಳ್ಳೆಯೊಂದು ನಡುಗುತ್ತ ಮೇಲೇರಿ, ಎದುರಿನ ದೀಪಗಳನ್ನೆಲ್ಲ ಬೆನ್ನಿನ ಮೇಲೆ ಹೊತ್ತು, ಒಡೆಯಿತು. ಅವಳು ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು. ಕಂಡಕ್ಟರ್ ಗಡಿಯಾರ ನೋಡಿದ, ಬೀದಿಯ ತುದಿ ನೋಡಿದ.

“ರೀ, ಆ ಕಾಲು ಕುಣಿಸೋದು ನಿಲ್ಲಿಸಿ.”

ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ ಇನ್ನೊಂದು ಕಾಲು ಶುರುವಾಯಿತು. ಅವಳು ನಕ್ಕು ಅವನ ತೋಳು ಹಿಡಿದುಕೊಂಡಳು, ಬಿಟ್ಟರೆ ಓಡಿಹೋಗುತ್ತಾನೇನೋ ಎಂಬಂತೆ. ರೈಲಿಗೆ ಹೊತ್ತಾಗುವವರೆಗೂ ಇಬ್ಬರೂ ಅಲ್ಲೇ ಇದ್ದರು. ಬೀದಿಯ ಇನ್ನರ್ಧವನ್ನು ನೋಡಲೇ ಇಲ್ಲ.